ಬಾಬಿನ್ ಮಾಮನ ಕೆಂಪು ಸೈಕಲ್ಲೂ ಗ್ರಾಂ ಸಾಹೇಬರ ಬೋಲ್ಟೂ

ಹೊಲಿಗೆ ಯಂತ್ರ ರಿಪೇರಿ ಮಾಡುವ ಮನುಷ್ಯನನ್ನು ಎಂದೂ ಎದುರು ಹಾಕಿಕೊಳ್ಳಬಾರದು. ಅವನಿಗೆ ತಾಳ್ಮೆ ಹೆಚ್ಚು, ನೆನಪು ಹೆಚ್ಚು, ಮೇಲಾಗಿ ಜೇಬಿನಲ್ಲಿ ಸದಾ ಸೂಜಿ ಇರುತ್ತದೆ. ಈ ಸರಳ ಸತ್ಯ ತಿಳಿಯದ ಮುಖ್ಯರಸ್ತೆಯ ಸೈಕಲ್ ಷೋರೂಮಿನ ಮಾಲೀಕರು ಒಂದು ಶನಿವಾರ ಬೆಳಗ್ಗೆ ಬಾಬಿನ್ ಮಾಮನನ್ನು ನೋಡಿ ನಕ್ಕರು. ನಕ್ಕದ್ದು ಅರ್ಧ ನಿಮಿಷ. ಅದರ ಬಡ್ಡಿಯನ್ನು ಇನ್ನೂ ಕಟ್ಟುತ್ತಿದ್ದಾರೆ.

ಬಾಬಿನ್ ಮಾಮ ಯಾರೊಬ್ಬರ ಸೋದರಮಾವನೂ ಅಲ್ಲ, ಬೀದಿಗೆಲ್ಲ ಮಾಮ; ಹೊಲಿಗೆ ಯಂತ್ರದ ದಾರದ ಉರುಳೆಯಾದ ಬಾಬಿನ್ನಿನಿಂದ ಬಂದ ಹೆಸರು. ಐವತ್ತನಾಲ್ಕು ವರ್ಷ, ಗುಂಡಗಿನ ಮೈ, ದಾರ ಪೋಣಿಸಿ ಪೋಣಿಸಿ ಸಣ್ಣಗಾದ ಕಣ್ಣು. ಮನೆಯ ಮೆಟ್ಟಿಲ ಕೆಳಗಿನ ಕೋಣೆಯೇ ಅವರ ಕಾರ್ಯಾಗಾರ. ಯಾವ ಯಂತ್ರ ರಿಪೇರಿಯಾದರೂ ಕೊನೆಗೆ ಬಿಳಿ ಬಟ್ಟೆಯ ಪಟ್ಟಿಯೊಂದರ ಮೇಲೆ ಒಂದು ಸಾಲು ಹೊಲಿಗೆ ಹಾಕುತ್ತಾರೆ. ಸಾಲು ನೆಟ್ಟಗಿದ್ದರೆ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಯಂತ್ರದ ಕಾಯಿಲೆ ಬರೆದು ಡಬ್ಬಕ್ಕೆ ಹಾಕುತ್ತಾರೆ. ಇಲ್ಲದಿದ್ದರೆ ಮತ್ತೆ ಬಿಚ್ಚುತ್ತಾರೆ. ಮೂವತ್ತು ವರ್ಷದ ಇಂಥ ಪಟ್ಟಿಗಳು ಹನ್ನೊಂದು ಡಬ್ಬ ತುಂಬಿವೆ. ಊರಿನಲ್ಲಿ ಯಾರು ಹೊಸ ಮಷೀನ್ ಕೊಳ್ಳುವುದಿದ್ದರೂ ಮೊದಲು ಮಾಮನ ಕೋಣೆಗೆ ಬಂದು, ಬಾಗಿಲಿಗೆ ತಲೆ ಬಡಿಸಿಕೊಂಡು, "ಯಾವುದು ತಗೊಳ್ಳಲಿ ಮಾಮ?" ಎಂದು ಕೇಳುವುದು ವಾಡಿಕೆ. ರಿಪೇರಿಯಿಂದ ಮಾಮನ ಹೊಟ್ಟೆ ತುಂಬುತ್ತಿತ್ತು. ಈ ಪ್ರಶ್ನೆಯಿಂದ ಎದೆ ತುಂಬುತ್ತಿತ್ತು.

ಸಿದ್ಧ ಉಡುಪಿನ ಕಾರ್ಖಾನೆಗಳು ಊರ ಹೊರಗೆ ಹೋದ ಮೇಲೆ, ರಿಪೇರಿಗೆ ಅಷ್ಟು ದೂರ ತುಳಿಯಬೇಕಾಗಿ, ಮಾಮನ ಹಳೆಯ ಸೈಕಲ್ಲಿಗೂ ಮೊಣಕಾಲಿಗೂ ಜಗಳ ಶುರುವಾಯಿತು. ಗೇರಿರುವ ಹಗುರ ಸೈಕಲ್ ಬೇಕೆನಿಸಿ ಅವರು ದೊಡ್ಡ ಅಂಗಡಿಯೊಂದಕ್ಕೆ ಹೋದರು. ಅಲ್ಲಿ ಬಕೆಟ್ಟುಗಳಿಗೂ ಮಡಚುವ ಕುರ್ಚಿಗಳಿಗೂ ನಡುವೆ ಒಂದು ಕೆಂಪು ರೋಡ್ ಬೈಕ್ ನಿಂತಿತ್ತು: ಸಪೂರ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಸಾಲಿನಲ್ಲೇ ಕಡಿಮೆ ಬೆಲೆಯ ಚೀಟಿ. ಮಾಮ ಕನ್ನಡಕ ಹಣೆಗೇರಿಸಿ, ಕೊಳವೆಗಳ ಬೆಸುಗೆಯ ಮೇಲೆ ಉಗುರು ಎಳೆದು, "ಮೂಳೆ ಗಟ್ಟಿಯಿದೆ" ಎಂದುಕೊಂಡು ತಂದರು.

ತಂದ ಮೂರನೆಯ ದಿನ ಟ್ಯೂಬು ಕೊಳ್ಳಲು ಷೋರೂಮಿಗೆ ಹೋದದ್ದೇ ಈ ಮಹಾಯುದ್ಧದ ಮೊದಲ ಅಧ್ಯಾಯ.

ಷೋರೂಮಿನ ಮಾಲೀಕರನ್ನು ಬೆನ್ನ ಹಿಂದೆ ಎಲ್ಲರೂ ಗ್ರಾಂ ಸಾಹೇಬರು ಎನ್ನುತ್ತಾರೆ. ಭೂಮಿಯ ಮೇಲಿನ ಸಕಲ ವಸ್ತುಗಳನ್ನೂ ಅವರು ಗ್ರಾಮಿನಲ್ಲಿ ಅಳೆಯುತ್ತಾರೆ. ತಮ್ಮ ಕಾರ್ಬನ್ ಸೈಕಲ್ಲಿನ ಭಾರ ಇಳಿಸಲು ಕೈಗಡಿಯಾರದ ಪಟ್ಟಿಯ ಹೆಚ್ಚುವರಿ ತುದಿಯನ್ನೂ ಕತ್ತರಿಸಿದವರು. ಉಕ್ಕಿನ ಬೋಲ್ಟುಗಳನ್ನು ತೆಗೆದು ಅಲ್ಯೂಮಿನಿಯಂ ಬೋಲ್ಟು ಹಾಕಿದ್ದರು. ಗ್ರೀಸಿಗೂ ತೂಕವಿದೆ ಎಂಬ ಜ್ಞಾನೋದಯವಾದ ದಿನ ಬಟ್ಟೆ ತೆಗೆದುಕೊಂಡು ಅದನ್ನೂ ಒರೆಸಿದ್ದರು.

"ಏನ್ ಮಾಮ, ಯಾರ ಮನೆ ಗೇಟು ಕಿತ್ಕೊಂಡು ಬಂದ್ರಿ?" ಎಂದರು ಗ್ರಾಂ ಸಾಹೇಬರು.

"ಸೈಕಲ್ಲು ಸ್ವಾಮಿ. ಹೊಸದು."

"ಸೈಕಲ್ಲಾ! ಬನ್ರಪ್ಪಾ, ಎಲ್ಲರೂ ಬನ್ನಿ, ಮಾಮ ಸೈಕಲ್ಲು ತಂದಿದ್ದಾರಂತೆ!"

ಭಾನುವಾರಗಳಂದು ಗುಂಪಾಗಿ ಸವಾರಿ ಹೋಗುವ ಏಳೆಂಟು ಜನ ಅಲ್ಲೇ ಇದ್ದರು. ಸಾಹೇಬರು ಕೆಂಪು ಸೈಕಲ್ಲನ್ನು ತಕ್ಕಡಿಯ ಕೊಕ್ಕೆಗೆ ತೂಗುಹಾಕಿ ತೂಕವನ್ನು ಹರಾಜು ಕೂಗುವವರಂತೆ ಕೂಗಿದರು. "ಇದರಲ್ಲಿ ನಮ್ಮ ಸೈಕಲ್ಲು ಎರಡು ಬರುತ್ತೆ. ಮಾಮ, ಕಾಸು ಉಳೀತು ಅಂದ್ಕೊಂಡ್ರಾ? ಆರು ತಿಂಗಳಲ್ಲಿ ಇದು ಬಟ್ಟೆ ಒಣಗಿಸೋ ಸ್ಟ್ಯಾಂಡು. ಮಷೀನ್ ಗೊತ್ತು ಅಂತ ಸೈಕಲ್ಲೂ ಗೊತ್ತಾಗಲ್ಲ!" ಎಂದು ಮೊಬೈಲ್ ತೆಗೆದು ಚಿತ್ರ ಹಿಡಿದರು.

ಸೋಮವಾರ ಆ ಚಿತ್ರ ಷೋರೂಮಿನ ಗಾಜಿನ ಹಿಂದೆ, ನೀಲಿ ಮಖಮಲ್ಲಿನ ಪರದೆಯ ಮೇಲೆ ರಾರಾಜಿಸುತ್ತಿತ್ತು. ಮಾಮನ ಮುಖ ಕತ್ತರಿಸಿ ಹೋಗಿತ್ತು. ಹೊಟ್ಟೆಯೂ ಸೈಕಲ್ಲೂ ಇದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ: "ಅಗ್ಗದ ಸೈಕಲ್, ದುಬಾರಿ ಪಶ್ಚಾತ್ತಾಪ."

"ಮುಖ ಇಲ್ವಲ್ಲ, ಯಾರಿಗೆ ಗೊತ್ತಾಗುತ್ತೆ?" ಎಂದರು ಮಾಮ, ಮನೆಯಲ್ಲಿ.

"ಈ ಹೊಟ್ಟೆ ಊರಲ್ಲಿ ಇನ್ಯಾರಿಗಿದೆ?" ಎಂದರು ಅವರ ಹೆಂಡತಿ. "ತರಕಾರಿಗೆ ಹೋಗೋಕೆ ನನಗಿರೋದು ಅದೊಂದೇ ದಾರಿ. ಮನೇಲಿ ನೋಡೋದು ಸಾಲದು ಅಂತ ಬೀದೀಲೂ ಇದರ ದರ್ಶನ ಮಾಡ್ಬೇಕು."

ಅದನ್ನು ಮಾಮ ನುಂಗಿಕೊಂಡರು. ನುಂಗಲಾಗದ್ದು ಎರಡು ವಾರದ ಮೇಲೆ ಬಂತು. ನಲವತ್ತು ಯಂತ್ರಗಳ ಕಾರ್ಖಾನೆಯ ಮೇಲ್ವಿಚಾರಕಿ, ಹದಿನೈದು ವರ್ಷದಿಂದ ಮಾಮನ ಮಾತು ಕೇಳದೆ ಒಂದು ಸೂಜಿಯನ್ನೂ ಕೊಳ್ಳದ ಹೆಂಗಸು, ಹತ್ತು ಹೊಸ ಮಷೀನ್ ತರಿಸಿಬಿಟ್ಟಿದ್ದರು.

"ನನ್ನ ಕೇಳಲಿಲ್ವಲ್ಲಮ್ಮ?"

ಆಕೆ ಬೇರೆಲ್ಲೋ ನೋಡುತ್ತ ನಕ್ಕರು. "ಬೇಜಾರು ಮಾಡ್ಕೋಬೇಡಿ ಮಾಮ. ಆ ಗಾಜಲ್ಲಿರೋದು ನೋಡಿ ನಮ್ಮ ಕಾರ್ಖಾನೆ ಯಜಮಾನರು ಅಂದ್ರು, ಸೈಕಲ್ಲು ಆರಿಸೋಕೆ ಬರದವರು ಮಷೀನ್ ಏನು ಆರಿಸ್ತಾರೆ ಅಂತ."

ಮಾಮ ಅಲ್ಲಿಂದ ನೇರ ಷೋರೂಮಿಗೆ ಹೋದರು. "ಚಿತ್ರ ತೆಗೀರಿ."

"ನಿಜಾನೇ ಅಲ್ವಾ ಅದು?" ಎಂದರು ಸಾಹೇಬರು. "ಒಂದು ಮಾತು ಹೇಳ್ತೀನಿ. ಭಾನುವಾರ ನಮ್ಮ ಜೊತೆ ಬನ್ನಿ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ತನಕ ನೆಲಕ್ಕೆ ಕಾಲು ಊರದೆ, ಒಂದು ನಟ್ಟೂ ಕಳಚದೆ ಆ ಗೇಟು ಬಂದ್ರೆ ನಾನೇ ಕೈಯಾರೆ ತೆಗೀತೀನಿ. ಮೊದಲು ಬರಬೇಕಿಲ್ಲ. ಬಂದ್ರೆ ಸಾಕು."

ಏಳೆಂಟು ಸಾಕ್ಷಿಗಳ ಮುಂದೆ ಒಪ್ಪಂದವಾಯಿತು. ಮಾಮ ಶನಿವಾರವಿಡೀ ಕೂತು ಚೈನಿನ ಕೊಂಡಿ ಕೊಂಡಿಗೂ ಎಣ್ಣೆ ಬಿಟ್ಟರು. ಯಾವ ಎಣ್ಣೆ? ಮೂವತ್ತು ವರ್ಷದಿಂದ ಕೈಬಿಡದ ಎಣ್ಣೆ, ಬಟ್ಟೆಗೆ ಕಲೆ ಹತ್ತದ, ನೀರಿನಂತೆ ತೆಳುವಾದ, ಹೊಲಿಗೆ ಯಂತ್ರದ ಎಣ್ಣೆ. ಬೇರೆ ಯಾವ ಕಸುಬಿನವನಾಗಿದ್ದರೂ ಆ ತಪ್ಪು ಮಾಡುತ್ತಿರಲಿಲ್ಲ. ಆ ಎಣ್ಣೆ ರೇಷ್ಮೆಯ ರವಿಕೆಗೆ ಸರಿ. ರಸ್ತೆಯ ಧೂಳಿಗೂ ಗುಡ್ಡದ ಏರಿಗೂ ಅದು ಏನೇನೂ ಸಾಲದು. ಭಾನುವಾರ ಊರು ದಾಟುವಷ್ಟರಲ್ಲಿ ಅರ್ಧ ಹಾರಿಹೋಗಿ ಮಾಮನ ಪ್ಯಾಂಟಿನ ಮೇಲೆ ಕೂತಿತು. ಗುಡ್ಡದ ಬುಡಕ್ಕೆ ಬರುವಾಗ ಚೈನು ಗುಬ್ಬಿಗೂಡಿನಂತೆ ಚಿಲಿಪಿಲಿ ಎನ್ನುತ್ತಿತ್ತು. ಎರಡನೆಯ ತಿರುವಿನಲ್ಲಿ ಗೇರು ಬದಲಿಸಿದರೆ ಒಣಗಿದ ಚೈನು ಹಲ್ಲಿಗೆ ಕೂರದೆ ಕಳಚಿಬಿತ್ತು. ಮಾಮ ಕಾಲು ಊರಿದರು.

"ಗುಬ್ಬಿ ಮೊಟ್ಟೆ ಹಾಕ್ತು!" ಎಂದು ಕೂಗಿ ಸಾಹೇಬರು ಮುಂದೆ ಸಾಗಿದರು. ಮರುದಿನ ಚಿತ್ರದ ಕೆಳಗೆ ಎರಡನೆಯ ಸಾಲು ಸೇರಿತು: "ಗುಡ್ಡವೂ ಹತ್ತಲಿಲ್ಲ."

ಆದರೆ ಅವರು ಮುಂದೆ ಸಾಗಿದಾಗ ಮಾಮನ ಕಿವಿಗೆ ಇನ್ನೊಂದು ಸದ್ದು ಬಿದ್ದಿತ್ತು. ಕಾರ್ಬನ್ ಸೈಕಲ್ಲಿನ ಸೀಟಿನ ಕೆಳಗಿನಿಂದ, ಪ್ರತಿ ತುಳಿತಕ್ಕೂ, ಕಿರ್... ಕಿರ್... ಗ್ರೀಸಿಲ್ಲದ ಬೋಲ್ಟು ಸಾಯುವ ಮುನ್ನ ಹಾಗೆಯೇ ನರಳುತ್ತದೆ. ಮಾಮನ ಹನ್ನೊಂದು ಡಬ್ಬಗಳಲ್ಲಿ ಆ ಸದ್ದಿನ ಪಟ್ಟಿಗಳೇ ನೂರಿವೆ.

"ಅವರಿಗೆ ಹೇಳಬಾರದಿತ್ತಾ?" ಎಂದು ಹೆಂಡತಿ ಕೇಳಿದರು.

"ಹೇಗೆ ಹೇಳ್ಲಿ? ನನಗೆ ಸೈಕಲ್ಲು ಗೊತ್ತಿಲ್ಲ ಅಂತ ಅವರೇ ಬೋರ್ಡು ಹಾಕಿದ್ದಾರೆ. ಗೊತ್ತಿಲ್ಲದವನು ಬಾಯಿ ಹಾಕಬಾರದು."

"ಬಿದ್ದುಗಿದ್ದು ಪೆಟ್ಟಾದ್ರೆ?"

"ಏರು ಹತ್ತುವಾಗಲೇ ಅದು ಕೂಗೋದು, ಅಲ್ಲೇ ಮುರಿಯೋದು. ಅಲ್ಲಿ ಅವರ ವೇಗ ಎಮ್ಮೆ ನಡಿಗೆ. ಪೆಟ್ಟಾದ್ರೆ ಮೀಸೆಗೆ."

ಆಮೇಲಿನ ಆರು ವಾರ ಮೆಟ್ಟಿಲ ಕೆಳಗಿನ ಕೋಣೆ ಶಸ್ತ್ರಾಗಾರವಾಯಿತು. ಮಾಮ ಕೆಂಪು ಸೈಕಲ್ಲನ್ನು ಕೊನೆಯ ಬೇರಿಂಗ್ ಗೋಲಿಯವರೆಗೆ ಬಿಚ್ಚಿ ಹಳೆಯ ಚಾದರದ ಮೇಲೆ ಸಾಲಾಗಿ ಮಲಗಿಸಿದರು. ಆಗ ಸತ್ಯ ಹೊರಬಿತ್ತು. ಸೈಕಲ್ಲು ಕೆಟ್ಟದಲ್ಲ. ಚೌಕಟ್ಟು ಸಾಚಾ, ಬೆಸುಗೆ ಅಚ್ಚುಕಟ್ಟು, ಗೇರು ಸಾಧಾರಣವಾದರೂ ಪ್ರಾಮಾಣಿಕ. ಕೆಟ್ಟದ್ದು ಅದನ್ನು ಜೋಡಿಸಿದವರ ಅವಸರ. ಚಕ್ರದ ನಡುವಿನ ಗುಂಬದಲ್ಲಿ ಗ್ರೀಸು ತಿಲಕವಿಟ್ಟಷ್ಟಿತ್ತು. ಕಡ್ಡಿಗಳಲ್ಲಿ ಒಂದು ಬಿಗಿ, ಒಂದು ಸಡಿಲ. ಬ್ರೇಕಿನ ರಬ್ಬರು ಕಲ್ಲು. ಅಗ್ಗದ ಹೊಲಿಗೆ ಯಂತ್ರಗಳ ಕಥೆಯೂ ಇದೇ ಎಂದು ಮಾಮನಿಗೆ ಮೂವತ್ತು ವರ್ಷದಿಂದ ಗೊತ್ತು: ಬೆಲೆ ಕಡಿಮೆ ಮಾಡುವವರು ಕಬ್ಬಿಣವನ್ನಲ್ಲ, ಕೂತು ಸರಿಮಾಡುವ ಹೊತ್ತನ್ನು ಕಡಿಯುತ್ತಾರೆ. ಹೊತ್ತು ಮಾಮನ ಹತ್ತಿರ ಬೇಕಾದಷ್ಟಿತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

ಚೌಕಟ್ಟಿಗೆ ಮೇಣ ಮೆತ್ತಿ ಅದಕ್ಕೆ ಒಂದು ಹೊಲಿಗೆ ಸೂಜಿ ಸಿಕ್ಕಿಸಿದರು, ತುದಿ ಚಕ್ರದ ಅಂಚಿಗೆ ಕೂದಲೆಳೆ ದೂರದಲ್ಲಿ. ಚಕ್ರ ತಿರುಗಿಸಿದರೆ ಸೊಟ್ಟಗಿದ್ದಲ್ಲಿ ಸೂಜಿ "ಟಿಕ್" ಎನ್ನುತ್ತಿತ್ತು. ಮಾಮ ಅಲ್ಲಿನ ಕಡ್ಡಿಯ ತುದಿಯ ನಟ್ಟು ಹಿಡಿದು, "ಇದು ಸಾಹೇಬರ ಎಡಗಿವಿ" ಎಂದು ಕಾಲು ಸುತ್ತು ತಿರುಚುವರು. ಮತ್ತೆ "ಟಿಕ್". "ಇದು ಬಲಗಿವಿ." ಎರಡು ಚಕ್ರಕ್ಕೆ ಅರವತ್ತನಾಲ್ಕು ಕಡ್ಡಿ, ಸಾಹೇಬರಿಗೆ ಅಷ್ಟು ಅಂಗಗಳಿರಲಿಲ್ಲವಾದ್ದರಿಂದ ಕೆಲವನ್ನು ಎರಡೆರಡು ಸಲ ತಿರುಚಬೇಕಾಯಿತು. ಹೆಂಡತಿ ಚಹಾ ತಂದಿಟ್ಟು, "ನಂದೂ ಒಂದು ಸುತ್ತು ಇರಲಿ, ಮೂಗು ತಿರುಚಿ" ಎಂದು ಹೋಗುತ್ತಿದ್ದರು. ಕೊನೆಗೆ ಗುಂಬಗಳಿಗೆ ಬೆಣ್ಣೆಯಂತೆ ಗ್ರೀಸು ತುಂಬಿ, ಬ್ರೇಕಿಗೆ ಮೆತ್ತನೆಯ ರಬ್ಬರು ಹಾಕಿ, ಚೈನಿಗೆ ಈ ಬಾರಿ ಚೈನಿನ ಎಣ್ಣೆಯನ್ನೇ ಬಿಟ್ಟರು. ಪ್ರತಿ ಬೆಳಗ್ಗೆ ಗುಡ್ಡದ ಮೊದಲ ತಿರುವಿನ ತನಕ, ಆಮೇಲೆ ಎರಡನೆಯದರ ತನಕ, ಒಬ್ಬರೇ ಹತ್ತಿ ಇಳಿದರು. ಮೊಣಕಾಲು ಮೊದಲು ಬೈದು, ಆಮೇಲೆ ಗೊಣಗಿ, ಕೊನೆಗೆ ಸುಮ್ಮನಾಯಿತು.

ಏಳನೆಯ ಭಾನುವಾರ ಅದೇ ಪಂತದ ಮೇಲೆ ಸೇನೆ ಮತ್ತೆ ಹೊರಟಿತು. ಸಾಹೇಬರು ತೀರ್ಪುಗಾರರಾಗಿ ಮಾಮನ ಪಕ್ಕದಲ್ಲೇ ಬಂದರು.

"ಗುಬ್ಬಿಗಳೆಲ್ಲಿ ಮಾಮ ಇವತ್ತು?"

"ನಿಮ್ಮ ಕಡೆ ಹಾರಿಬಂದಿವೆ. ಕೇಳಿಸ್ತಿಲ್ವಾ?" ಎಂದರು ಮಾಮ.

ಕಿರ್... ಕಿರ್... ಸಾಹೇಬರಿಗೆ ಅಭ್ಯಾಸವಾಗಿತ್ತು, ಕೇಳಿಸಲಿಲ್ಲ. ಎರಡನೆಯ ತಿರುವು ದಾಟಿತು. ಕೆಂಪು ಸೈಕಲ್ಲು ಭಾರವೇನೋ ಹೌದು, ಮಾಮ ಬಸವನ ಹುಳುವಿನ ಬಂಧುವಿನಂತೆ ಹತ್ತುತ್ತಿದ್ದರು. ಆದರೆ ಅದರ ಒಡಲಿಂದ ಟೈರಿನ ಗುಂಯ್ ಬಿಟ್ಟರೆ ಒಂದು ಸದ್ದಿಲ್ಲ. ಕೊನೆಯ ಏರು ಕಡಿದಾದದ್ದು. ಸಾಹೇಬರು ಶೌರ್ಯ ತೋರಿಸಲು ಎದ್ದು ನಿಂತು ನಾಲ್ಕು ತುಳಿತ ತುಳಿದು ಧೊಪ್ಪನೆ ಕುಳಿತರು. "ಟಣ್!" ಬೋಲ್ಟಿನ ತಲೆ ರಸ್ತೆ ದಾಟಿ ಪೊದೆ ಸೇರಿತು. ಸೀಟು ಹಿಂದಕ್ಕೆ ಬಿತ್ತು. ಸಾಹೇಬರು ಅದರ ಹಿಂದೆಯೇ ಹುಲ್ಲಿನ ಮೇಲೆ ಆಸೀನರಾದರು. ಮೈಗೆ ಏನೂ ಆಗಲಿಲ್ಲ. ಮೀಸೆಗೆ ಆಯಿತು.

"ಮಾಮ! ಬೋಲ್ಟ್ ಇದ್ಯಾ ನಿಮ್ಮ ಹತ್ರ?"

ಮಾಮ ತುಳಿಯುವುದನ್ನು ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ. "ಇದೆ ಸ್ವಾಮಿ. ಆದ್ರೆ ಉಕ್ಕಿಂದು. ನಿಮ್ಮ ಸೈಕಲ್ಲಿಗೆ ಹದಿನಾಲ್ಕು ಗ್ರಾಂ ಭಾರ ಆಗುತ್ತೆ. ಬೇಡ ಬಿಡಿ."

ಆ ವಾಕ್ಯವನ್ನು ಮಾಮ ಆರು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರು.

ಟ್ಯಾಂಕಿನ ನೆರಳಿನಲ್ಲಿ ಅವರು ನೀರು ಕುಡಿದು, ಬೆವರು ಒರೆಸಿಕೊಂಡು, ಕೆಳಗೆ ನೋಡುತ್ತ ನಿಂತರು. ಕಾಲು ಗಂಟೆಯ ಮೇಲೆ ಸಾಹೇಬರು ಬಂದರು, ನಡೆದುಕೊಂಡು. ಒಂದು ಕೈಯಲ್ಲಿ ಹಗುರ ಸೈಕಲ್ಲು, ಕಂಕುಳಲ್ಲಿ ಸೀಟು, ಸವಾರಿ ಬೂಟಿನ ಕಬ್ಬಿಣದ ಅಡಿ ಟಕ್ ಟಕ್ ಎನ್ನುತ್ತ. ಮಾಮ ಅಂಗೈ ಮೇಲೆ ಉಕ್ಕಿನ ಬೋಲ್ಟು ಇಟ್ಟುಕೊಂಡು ಕಾಯುತ್ತಿದ್ದರು.

"ಕೊಡಿ ಮಾಮ."

"ಮೊದಲು ತೀರ್ಪು. ಎಲ್ಲರಿಗೂ ಕೇಳೋ ಹಾಗೆ."

"ಬಂತು," ಎಂದರು ಸಾಹೇಬರು ನೆಲ ನೋಡುತ್ತ. "ಸೈಕಲ್ಲು ಬಂತು."

"ಯಾವುದು? ಗೇಟಾ?"

"ಸೈಕಲ್ಲು ಅಂದೆನಲ್ಲ!"

ಮಾಮ ತಾವೇ ಬೋಲ್ಟು ಕೂರಿಸಿದರು. ಕೊನೆಗೆ ಡಬ್ಬಿ ತೆರೆದು ಬೆರಳ ತುದಿಯಲ್ಲಿ ಗ್ರೀಸು ತೆಗೆದು ಮೃದುವಾಗಿ ಕೇಳಿದರು, "ಹಚ್ಚಲಾ? ಎರಡು ಗ್ರಾಂ ಜಾಸ್ತಿ ಆಗುತ್ತೆ." ಸವಾರರು ಸೈಕಲ್ಲು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಚಿತ್ರ ಇಳಿಯಿತು. ಅದರ ಮುಂದಿನ ವಾರ ಮೇಲ್ವಿಚಾರಕಿ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ಬಾಗಿಲಿಗೆ ತಲೆ ಬಡಿಸಿಕೊಂಡು, "ಮಾಮ, ಆ ಹತ್ತರಲ್ಲಿ ನಾಲ್ಕು ದಾರ ಕಡೀತಿವೆ. ಇನ್ನು ಮುಂದೆ ನಿಮ್ಮನ್ನ ಕೇಳದೆ ತರಲ್ಲ" ಎಂದರು. ಅಗ್ಗದ ಸೈಕಲ್ಲು ಕೊಳ್ಳುವವರೂ ಈಗ ಅಲ್ಲಿಗೇ ಬರುತ್ತಾರೆ. ಮಾಮನ ಉತ್ತರ ಒಂದೇ: "ಚೌಕಟ್ಟು ನೋಡಿ ತಗೊಳ್ಳಿ, ಜೋಡಣೆ ನಂಬಬೇಡಿ. ಒಂದು ಸಲ ಪೂರ್ತಿ ಬಿಚ್ಚಿ ಕಟ್ಟಿಸಿ. ಭಾರ ಇರುತ್ತೆ, ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಎರಡು ತಿಂಗಳ ಬಿಸಿಲಿಗೆ ನೀಲಿ ಮಖಮಲ್ಲೆಲ್ಲ ಬಣ್ಣಗೆಟ್ಟು, ಚಿತ್ರವಿದ್ದ ಜಾಗ ಮಾತ್ರ ಕಡುನೀಲಿಯಾಗಿ ಉಳಿದಿತ್ತು. ಬಂದವರೆಲ್ಲ, "ಇಲ್ಲೇನಿತ್ತು ಸ್ವಾಮಿ?" ಎಂದು ಕೇಳತೊಡಗಿದರು. ಸಾಹೇಬರು ಏನೋ ಗೊಣಗುವರು. ಗುಂಪಿನ ಸವಾರರಲ್ಲಿ ಒಬ್ಬನಾದರೂ ಅಲ್ಲಿದ್ದು, ಪೂರ್ತಿ ಕಥೆಯನ್ನು "ಟಣ್" ಸಮೇತ ಹೇಳುವನು. ಮಾಮನ ಹೆಂಡತಿಗೆ ತರಕಾರಿ ಈಗ ದಿನಕ್ಕೆ ಎರಡು ಸಲ ಮುಗಿಯುತ್ತದೆ.

ತಡೆಯಲಾರದೆ ಸಾಹೇಬರು ಹೊಸ ಪರದೆ ಹೊಲಿಸಲು ದರ್ಜಿಯ ಬಳಿ ಹೋದರು.

"ಬಟ್ಟೆ ಇದೆ, ಅಳತೆ ಇದೆ," ಎಂದ ದರ್ಜಿ. "ಆದ್ರೆ ದಪ್ಪ ಬಟ್ಟೆ ಹೊಲಿಯೋ ಮಷೀನ್ ನಿಂತುಬಿಟ್ಟಿದೆ. ಮಾಮ ಬಂದು ನೋಡಬೇಕು."

"ಯಾವಾಗ ಬರ್ತಾರೆ?"

"ಕೇಳಿದೆ. ನನಗೇನೂ ಅವಸರ ಇಲ್ಲ ಅಂದ್ರು."