ನಗೆ ವಿಭಾಗದ ಎಂಟು ಪುಟ

ನಮ್ಮ ಡ್ರಾಯಿಂಗ್ ಮೇಷ್ಟ್ರು ನಿಬ್ಬನ್ನು ಮಸಿಯಲ್ಲಿ ಅದ್ದಿದ ಮೇಲೆ ಮೊದಲ ಗೆರೆಯನ್ನು ಕಾಗದದ ಮೇಲೆ ಎಳೆಯುತ್ತಿರಲಿಲ್ಲ, ತಮ್ಮ ಎಡ ಅಂಗೈ ಮೇಲೆ ಎಳೆಯುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಆ ಅಂಗೈ ತುಂಬ ಇರುವೆ ಸಾಲಿನಂಥ ಕಪ್ಪು ಗೀರುಗಳು. ಯಾರಿಗಾದರೂ ಕೈಮುಗಿದರೆ ಬಲಗೈಗೂ ಅಂಟಿಕೊಳ್ಳುತ್ತಿತ್ತು.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಹೈಸ್ಕೂಲಿಗೆ ನಾನು ಕನ್ನಡ ಮೇಷ್ಟ್ರಾಗಿ ಸೇರಿದಾಗ ಅವರ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಅವರ ಬೀರುವಿನಲ್ಲಿ ಚಿತ್ರಗಳಲ್ಲೇ ಕಥೆ ಹೇಳುವ ಹಳೆಯ ಪುಸ್ತಕಗಳಿದ್ದವು. ಶನಿವಾರ ಅವನ್ನು ಮಕ್ಕಳಿಗೆ ಓದಲು ಕೊಡುತ್ತಿದ್ದರು. "ಸಾರ್, ಕಾಮಿಕ್ಸ್ ಕೊಡಿ" ಅಂದವರಿಗೆ ಸಿಗುತ್ತಿರಲಿಲ್ಲ. "ಚಿತ್ರಕಥೆ ಅನ್ನಪ್ಪ, ಕೊಡ್ತೀನಿ" ಎನ್ನುತ್ತಿದ್ದರು. ತೆಲುಗು ಮನೆಮಾತಿನ ಮಕ್ಕಳು ಬೊಮ್ಮಲ ಕಥೆ ಎಂದರೆ ಅದಕ್ಕೂ ಒಪ್ಪಿಗೆ. ನನಗೆ ಇದು ವಯಸ್ಸಾದವರ ಹಟವಾಗಿ ಕಾಣುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಪ್ರಪಂಚವೆಲ್ಲ ಕಾಮಿಕ್ಸ್ ಅನ್ನುತ್ತೆ ಸಾರ್. ನೀವೊಬ್ರು ಬೇಡ ಅಂದ್ರೆ ನಡೆಯುತ್ತಾ?"

"ಕಾಮಿಕ್ ಅಂದ್ರೆ ನಗಿಸೋದು ಅಂತ, ಆ ಮಾತಿನ ಹೊಟ್ಟೇಲೇ ನಗು ಐತೆ ಕಣಪ್ಪ. ನಗೋದು ಅಳೋದು ಓದೋರಿಗೆ ಬಿಟ್ಟಿದ್ದು. ಹೆಸರೇ ಮುಂಚಿತವಾಗಿ ನಕ್ಕುಬಿಟ್ರೆ ಹೆಂಗೆ?"

ಕನ್ನಡ ಮೇಷ್ಟ್ರಿಗೆ ಪದದ ಪಾಠ ಹೇಳುತ್ತಿದ್ದಾರಲ್ಲ ಎಂದು ಒಳಗೊಳಗೇ ನಕ್ಕಿದ್ದೆ.

ಆ ವರ್ಷ ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೃಷಿಹೊಂಡಕ್ಕೆ ಬಿದ್ದು ತೀರಿಕೊಂಡಳು. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೈ ತೊಳೆಯಲು ಬಗ್ಗಿದ್ದಳಂತೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದರೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಸುತ್ತ ಬೇಲಿಯಿರಲಿಲ್ಲ, ಇಳಿಬಿಟ್ಟ ಒಂದು ಹಗ್ಗವೂ ಇರಲಿಲ್ಲ.

ಡ್ರಾಯಿಂಗ್ ಮೇಷ್ಟ್ರು ಎರಡು ತಿಂಗಳು ಶಾಲೆ ಬಿಟ್ಟ ಮೇಲೂ ಬರೆಯುತ್ತಾ ಕೂತರು. ಆಮೇಲೆ ಎಂಟು ಪುಟಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಅವಳ ಅಮ್ಮನ್ನ ಕೇಳ್ಕೊಂಡೇ ಬರೆದಿದೀನಿ. ಶಾಲೆ ಸಂಚಿಕೇಲಿ ಹಾಕಣ. ಪ್ರತಿ ಮನೆಗೂ ಹೋಗುತ್ತೆ. ನಾಲ್ಕು ಜನ ಬೇಲಿ ಹಾಕಿದ್ರೂ ಸಾಕು."

ಎಲ್ಲ ಚಿತ್ರಗಳಲ್ಲೂ ಹುಡುಗಿಯನ್ನು ಹಿಂದಿನಿಂದ ಬರೆದಿದ್ದರು, ಎಲ್ಲೂ ಮುಖವಿಲ್ಲ. ಕೊನೆಯ ಪುಟದಲ್ಲಿ ಅಲುಗದ ನೀರು, ದಂಡೆಯ ಮೇಲೆ ಸೊಪ್ಪಿನ ಗಂಟು. ಅದನ್ನು ನೋಡಿದ ಮೇಲೆ ಆ ದಿನ ನನಗೆ ಪಾಠ ಮಾಡಲಾಗಲಿಲ್ಲ.

ಸಂಚಿಕೆಯ ಹೊಣೆ ನನ್ನದು. ಚಿಂತಾಮಣಿಯಿಂದ ಪ್ರೆಸ್ಸಿನವನು ಫೋನ್ ಮಾಡಿದಾಗ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತಿದ್ದೆ. "ಸಾರ್, ಈ ಚಿತ್ರದ ಪುಟಗಳು ಯಾವ ವಿಭಾಗಕ್ಕೆ?" ಎಂದು ಕೇಳಿದ. "ಕಾಮಿಕ್ಸ್ ಅಲ್ವೇನಪ್ಪ, ಅಂಥವೆಲ್ಲ ಎಲ್ಲಿ ಬರ್ತವೋ ಅಲ್ಲಿ ಹಾಕು" ಅಂದೆ. ಪ್ರೂಫ್ ನೋಡಲಿಲ್ಲ.

ಸಂಚಿಕೆ ಮನೆಗಳಿಗೆ ಹೋದ ಮೂರನೇ ದಿನ ಆ ತಾಯಿ ಶಾಲೆಗೆ ಬಂದರು. ರೇಷ್ಮೆ ನೂಲು ತೆಗೆಯುವ ಕೆಲಸ ಅವರದು, ಬಿಸಿನೀರಿನಲ್ಲಿ ಗೂಡು ಹುಡುಕಿ ಹುಡುಕಿ ಬೆರಳುಗಳು ಬಿಳಿಚಿಕೊಂಡಿದ್ದವು. ಪುಟ ತೆರೆದು, ಮೇಲಿನ ದಪ್ಪಕ್ಷರದ ಕೆಳಗೆ ಬೆರಳಿಟ್ಟು ಕೂಡಿಸಿ ಓದಿದರು: "ನಗೆ... ಬುಗ್ಗೆ." ಪ್ರೆಸ್ಸಿನವನು ಅವನ್ನು ನಗೆಹನಿಗಳ ವಿಭಾಗಕ್ಕೆ ಸೇರಿಸಿದ್ದ. ಎಂಟೂ ಪುಟಗಳ ಸುತ್ತ ಹಲ್ಲು ಕಿರಿಯುವ ಮುಖಗಳ ಅಂಚು.

"ಇದ್ರಾಗೆ ನಗೋದೇನೈತೆ ಸಾರ್?" ಎಂದು ಕೇಳಿದರು. ದನಿ ಏರಿಸಲಿಲ್ಲ.

ಪಕ್ಕದ ಕುರ್ಚಿಯಿಂದ ಡ್ರಾಯಿಂಗ್ ಮೇಷ್ಟ್ರು ಎದ್ದು ನಿಂತರು.

"ತಪ್ಪು ನಂದೇ ಅಮ್ಮ. ನಾನೇ ಹಂಗೆ ಹಾಕ್ಸಿದ್ದು. ಹೆಸರಿನ ಬಗ್ಗೆ ಯೋಚ್ನೆ ಮಾಡ್ಲಿಲ್ಲ."

ಆಕೆ ಅವರನ್ನೇ ನೋಡಿದರು. ಪುಸ್ತಕ ಮಡಿಚಿಕೊಂಡು ಹೊರಟುಹೋದರು.

ಯಾಕೆ ಹಾಗಂದಿರಿ ಎಂದು ಕೇಳಿದ್ದಕ್ಕೆ, "ನೀನು ಇನ್ನೂ ಎಷ್ಟೋ ವರ್ಷ ಈ ಮಕ್ಕಳ ಮುಂದೆ ನಿಲ್ಬೇಕು. ಆದ್ರೆ ಒಂದು ದಿನ ಆ ಅಮ್ಮನ ಹತ್ರ ಹೋಗಿ ನೀನೇ ಹೇಳು, ಆಯ್ತಾ?" ಅಂದರು. ಆಯ್ತು ಅಂದೆ.

ಮಾರನೆಯ ದಿನದಿಂದ ಅವರು ಬಿಳಿ ಕಾಗದದ ಪಟ್ಟಿಗಳ ಮೇಲೆ 'ಚಿತ್ರಕಥೆ' ಎಂದು ಕೈಯಾರೆ ಬರೆದು ಮನೆಮನೆಗೆ ಹೋಗಿ ಅಂಟಿಸಿದರು. ಅಂಚಿನ ಮುಖಗಳ ಮೇಲೂ ಖಾಲಿ ಪಟ್ಟಿ. ಅಂಟಿನ ಬಾಟಲಿ ಹಿಡಿದು ನಾನು ಹಿಂದೆ ಹಿಂದೆ. ಒಂದು ಮನೆಯಲ್ಲಿ ಒಬ್ಬ ಮುದುಕರು, "ಸತ್ತ ಮಗೂನ ನಗೆಪಾಟಲು ಮಾಡ್ದೋರು ನೀವೇನಾ?" ಅಂದರು. ಮೇಷ್ಟ್ರು ಹೌದು ಎಂದು ತಲೆಯಾಡಿಸಿ, ಪಟ್ಟಿ ಒಣಗುವ ತನಕ ಅಂಗೈಯಲ್ಲಿ ಒತ್ತಿ ಹಿಡಿದರು. ನಾನು ಅಲ್ಲೂ ಬಾಯಿ ಬಿಡಲಿಲ್ಲ. ಆ ಸಂಚಿಕೆಯ ಒಂದು ಪ್ರತಿ ನನ್ನಲ್ಲಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಪಟ್ಟಿಯ ಹಿಂದಿನಿಂದ ಆ ಹಲ್ಲುಗಳು ಕಾಣುತ್ತವೆ. ಹಿಡಿಯಬಾರದು ಅಂದುಕೊಂಡೇ ಹಿಡಿಯುತ್ತೇನೆ.

ಅವರು ನಿವೃತ್ತರಾಗಿ ಗೌರಿಬಿದನೂರಿನ ತಂಗಿಯ ಮನೆ ಸೇರಿದರು. ಹಬ್ಬಕ್ಕೆ ಫೋನ್ ಮಾಡಿದಾಗೆಲ್ಲ ಆ ವಿಷಯ ಕೇಳುತ್ತಾರೇನೋ ಎಂದು ಅಂಜುತ್ತಿದ್ದೆ. ಒಮ್ಮೆಯೂ ಕೇಳಲಿಲ್ಲ. ನಾಳೆ ಹೋಗೋಣ, ಬರುವ ತಿಂಗಳು ಹೋಗೋಣ ಎಂದು ವರ್ಷಗಳು ಕಳೆದವು. ಹೋದ ವರ್ಷ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟ ಮುಗಿಸಿದವನು ಮನೆಗೆ ಹೋಗದೆ ನೇರ ಆ ತಾಯಿಯ ಬಾಗಿಲಿಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ.

"ಗೊತ್ತಿತ್ತು ಸಾರ್," ಅಂದರು ಆಕೆ. "ಬರೆಯೋಕೆ ಮುಂಚೆ ಮೂರು ಸಲ ಬಂದು ಕೇಳ್ದೋರು ಹಂಗೆ ಹಾಕ್ಸ್ತಾರಾ? ಅವತ್ತು ಅವ್ರು ಎದ್ದು ನಿಂತಾಗ ನೀವು ನೆಲ ನೋಡ್ತಿದ್ರಿ."

ಸೆರಗಿನಿಂದ ಜಗಲಿ ಒರೆಸಿ ಕೂರಲು ಹೇಳಿದರು. ಕೂತೆ.

"ಪ್ರತಿ ವರ್ಷ ನನ್ ಮಗಳ ತಿಥಿಗೆ ಗೌರಿಬಿದನೂರಿಂದ ಬಸ್ಸಲ್ಲಿ ಬರೋರು. ಹೋಗೋವಾಗ ಒಂದು ಮಾತು ಕೇಳೋರು, ಕನ್ನಡ ಮೇಷ್ಟ್ರು ಬಂದಿದ್ರಾ ಅಂತ. ಇಲ್ಲ ಅಂದ್ರೆ, ಬರ್ತಾನೆ ಬಿಡಮ್ಮ ಅಂತಿದ್ರು."