ಆಯಿಯ ಜಾಗ, ಎಣ್ಣೆಯ ಪೈಪು

ಬೆಳಿಗ್ಗೆ ಮೂರು ಬೆರಳಿನಿಂದ ಎಳೆದುಕೊಂಡ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿನ ಜೊತೆ ಇಳಿದು ಆಯಿಯ ಎಡಹುಬ್ಬನ್ನು ಬೆಳ್ಳಗೆ ಮಾಡಿರುತ್ತಿತ್ತು. ಎಪ್ಪತ್ತು ದಾಟಿದರೂ ಅವರ ಹುಬ್ಬು ನರೆತಿರಲಿಲ್ಲ. ಸೆರಗಿನಿಂದ ಬಲಗಡೆಯನ್ನಷ್ಟೇ ಒರೆಸಿಕೊಳ್ಳುವ ರೂಢಿಯಿಂದ ಬಲಹುಬ್ಬು ಕಪ್ಪಾಗಿಯೇ ಉಳಿಯುತ್ತಿತ್ತು. ಹೀಗಾಗಿ ಅವರು ಏನೇ ಹೇಳಿದರೂ ಒಂದು ಕಡೆಯಿಂದ ಸಿಟ್ಟಾಗಿರುವಂತೆ, ಇನ್ನೊಂದು ಕಡೆಯಿಂದ ಚೇಷ್ಟೆ ಮಾಡುತ್ತಿರುವಂತೆ ಕಾಣುತ್ತಿತ್ತು. ಬಹಳ ಸಲ ಎರಡೂ ನಿಜವೇ ಆಗಿರುತ್ತಿತ್ತು.

ಕಮತಗಿಯಲ್ಲಿ ಅವರ ಮನೆಯ ಮುಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ನನ್ನ ತವರು ಇಳಕಲ್ಲು, ನೇಕಾರರ ಮನೆ. ಮಗ್ಗದ ಸದ್ದಿನಲ್ಲಿ ಬೆಳೆದ ನನ್ನದು ಸ್ವಲ್ಪ ದೊಡ್ಡ ದನಿ. ಅದೇ ಕಾರಣಕ್ಕೋ ಏನೋ, ಎಣ್ಣೆಯ ಪೈಪು ಹಾಕುವ ಕಂಪನಿಯೊಂದು ರೈತರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಿತ್ತು. ಹೇಳಿದಾಗ ಆಯಿ ಕೇಳಿದ್ದು ಒಂದೇ ಮಾತು. "ಯಾವ ಎಣ್ಣಿ ತಂಗಿ, ಕುಸುಬಿ ಎಣ್ಣೀನೋ ಶೇಂಗಾ ಎಣ್ಣೀನೋ?" ಅವರಿಗೆ ಎಲ್ಲ ಗೊತ್ತಿತ್ತು. ನನ್ನ ಮುಖ ಹೇಗಾಗುತ್ತದೆಂದು ನೋಡುವ ಆಸೆ, ಅಷ್ಟೆ.

ಊರೂರಿನ ಸಭೆಯಲ್ಲಿ ಆಡಬೇಕಾದ ಮಾತನ್ನು ನಾನು ಮೊದಲು ಆಯಿಯ ಒಲೆಯ ಮುಂದೆ ಆಡಿ ನೋಡುತ್ತಿದ್ದೆ. ಅವರು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಹಡಗಿನಲ್ಲಿ ಬಂದ ಕಚ್ಚಾ ಎಣ್ಣೆ ಕಾರ್ಖಾನೆಗೆ ಹೋಗಬೇಕು. ಟ್ಯಾಂಕರಿನಲ್ಲಿ ಒಯ್ದರೆ ಖರ್ಚು ಹೆಚ್ಚು, ರಸ್ತೆಯೂ ಹಾಳು. ನೆಲದೊಳಗಿನ ಪೈಪಿನಲ್ಲಾದರೆ ಅಗ್ಗ. ಹೊಲ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅದರೊಳಗಿನ ಒಂದು ಪಟ್ಟಿಯನ್ನು ಬಳಸುವ ಹಕ್ಕು ಮಾತ್ರ ಕಂಪನಿಗೆ. ಅದಕ್ಕೆ ಜಮೀನಿನ ಬೆಲೆಯ ಒಂದು ಪಾಲು, ಹಾಳಾದ ಬೆಳೆಗೆ ಪರಿಹಾರ. ಆಮೇಲೆ ಜೋಳ ಬಿತ್ತಿ, ಕಡಲೆ ಬಿತ್ತಿ. ಗಿಡ ನೆಡುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಆಳಕ್ಕೆ ಅಗೆಯುವ ಹಾಗಿಲ್ಲ.

"ಹೊಲ ನಂದಂತಿ, ಅಗೀಬ್ಯಾಡ ಅಂತಿ," ಎಂದರು ಆಯಿ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. "ಹಂಗಾರ ನನ್ನ ಕೈಯಾಗ ಉಳಿಯೂದೇನು, ಕಂದಾಯ ಕಟ್ಟೂದಷ್ಟ ಏನು?"

ಮುಂದೆ ಸಭೆಗಳಲ್ಲಿ ಎಲ್ಲರೂ ಕೇಳಿದ್ದು ಇದನ್ನೇ.

ಹಾಗಂತ ಅವರು ಪೈಪಿನ ವಿರೋಧಿಯಲ್ಲ. ಮಗನ ಟ್ರ್ಯಾಕ್ಟರು ಅಂಗಳದಲ್ಲೇ ನಿಂತಿರುತ್ತಿತ್ತು. "ಡೀಸೆಲ್ ಬೇಕು, ಪೈಪ್ ಬ್ಯಾಡ ಅಂದ್ರ ನಡೀತೈತೇನು? ನನ್ನ ಹೊಲ ಒಂದು ಬಿಟ್ಟು ಎಲ್ಲಾರ ಹೊಲದಾಗ ಹಾಯಲಿ ಅಂತ ಎಲ್ಲಾರೂ ಅಂತಾರ. ನಾನೂ ಅಂತೇನಿ," ಎಂದು ನಗುತ್ತಿದ್ದರು.

ಕೊನೆಗೆ ಅವರ ಹೊಲಕ್ಕೂ ನೋಟಿಸು ಬಂತು. ಮಗನಿಗೆ ಬೇಜಾರಾಗಲಿಲ್ಲ, ಮಳೆ ನಂಬಿದ ಎರೆಹೊಲ, ಪರಿಹಾರ ಬಂದಷ್ಟು ಬರಲಿ ಎಂದ. ಆಯಿ ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಎದೆಯೆತ್ತರದ ಜೋಳದ ನಡುವೆ ನಮ್ಮ ಕಂಪನಿಯವರು ನೆಟ್ಟ ಕೆಂಪು ಬಾವುಟಗಳು ಕಾಣುತ್ತಿದ್ದವು. ಆಯಿ ಬೆಳೆಗೆಲ್ಲ ಚರಗ ಚೆಲ್ಲಿದರು, ಅಲ್ಲೇ ಅಳತೆ ಮಾಡುತ್ತಿದ್ದ ಹುಡುಗರನ್ನು ಕರೆದು ಸಜ್ಜಿರೊಟ್ಟಿ, ಎಣ್ಣೆಬದನೆಕಾಯಿ ಬಡಿಸಿದರು. ಆಮೇಲೆ ಬದುವಿಗೆ ಹತ್ತಿದಂತಿದ್ದ ಗಂಡನ ಸಮಾಧಿಗೆ ಕೈಮುಗಿದು, ಅದರ ಮಗ್ಗುಲಿನ ಬರಿನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು.

"ಇದು ನಂದು," ಎಂದರು. "ಅವರನ್ನ ಕುಂದ್ರಿಸಿದ ದಿನಾನ ಇಟಗೊಂಡೇನಿ."

ಆಯಿಯವರದು ಲಿಂಗಾಯತ ಮನೆತನ. ಸತ್ತವರನ್ನು ಕುಳ್ಳಿರಿಸಿ ಮಣ್ಣು ಕೊಡುತ್ತಾರೆ, ಹೊಲವಿದ್ದವರು ಹೊಲದಲ್ಲೇ. ನಮ್ಮ ನಕಾಶೆಯಲ್ಲಿ ಅವರ ಗಂಡನ ಸಮಾಧಿಗೆ ಗುರುತಿತ್ತು. ಅದಿದ್ದಲ್ಲಿ ಮಾತ್ರ ಪಟ್ಟಿಯನ್ನು ಕಿರಿದು ಮಾಡಿದ್ದರು, ಉಳಿದೆಡೆ ಬದುವಿನವರೆಗೂ ಪಟ್ಟಿಯೇ. ಬದುಕಿರುವ ಹೆಂಗಸೊಬ್ಬಳು ತನಗಾಗಿ ಇಟ್ಟುಕೊಂಡ ನೆಲಕ್ಕೆ ನಕಾಶೆಯಲ್ಲಿ ಯಾವ ಗುರುತೂ ಇರಲಿಲ್ಲ. ಅಗೆಯುವ ಹಾಗಿಲ್ಲ ಎಂದು ನಾನು ಊರೂರಲ್ಲಿ ಸಾರಿದ್ದು ಸಮಾಧಿಯ ಗುಣಿಗೂ ಅನ್ವಯಿಸುತ್ತದೆಂಬುದು ನನಗೆ ಆಗ ಹೊಳೆಯಿತು.

ತಕರಾರು ಕೇಳುವ ಸಭೆ ಹುನಗುಂದದಲ್ಲಿ ನಡೆಯಿತು. ಒಬ್ಬರು ದರ ಸಾಲದು ಎಂದರು, ಒಬ್ಬರು ಬಾವಿ ಹೋಗುತ್ತದೆ ಎಂದರು. ಆಯಿಯ ಸರದಿ ಬಂದಾಗ ಅಧಿಕಾರಿ, "ಆ ಜಾಗದಲ್ಲಿ ಏನಿದೆ ಅಮ್ಮ?" ಎಂದು ಕೇಳಿದರು.

"ಈಗೇನಿಲ್ರಿ. ನಾ ಬರೂದೈತಿ," ಎಂದರು ಆಯಿ.

ಸಭೆ ನಕ್ಕಿತು, ಆಯಿಯೂ ನಕ್ಕರು. ಅಧಿಕಾರಿ ಒಳ್ಳೆಯ ಮನುಷ್ಯ, ನಗದೆ ಎಂಜಿನಿಯರನ್ನು ಕರೆದು ವಿಚಾರಿಸಿದರು. ಹೊಲದ ಒಂದು ಬದಿಗೆ ಹಳ್ಳ, ಅಲ್ಲಿ ಪೈಪು ನಿಲ್ಲದು. ಸರಿಸುವುದಿದ್ದರೆ ಬದು ದಾಟಿ ಪಕ್ಕದ ದಾಳಿಂಬೆ ತೋಟಕ್ಕೇ ಸರಿಸಬೇಕು. ಖರ್ಚಾಗುತ್ತದೆ, ಆದರೆ ಆಗದ್ದೇನಲ್ಲ, ನೋಡೋಣ ಎಂದರು ಎಂಜಿನಿಯರು. ಆಗ ಆ ತೋಟದ ಯಜಮಾನರು, ಊರಿಗೆಲ್ಲ ತೋಟದವರು, ಎದ್ದು ನಿಂತರು. ಬ್ಯಾಂಕಿನವರೂ ಅಂಜುವಂಥ ಬಾಯಿ ಅವರದು.

"ಸತ್ತ ಮ್ಯಾಲ ಎಲ್ಲಿ ಕುಂತರೇನಬೇ ಮುದುಕಿ? ನನ್ನ ಗಿಡಾ ಈ ವರ್ಸ ಮೊದಲನೇ ಕಾಯಿ ಹಿಡದಾವ. ಅವನ್ನ ಕಡಸ್ತಿ ಏನು?"

"ನಿನ್ನ ಗಿಡದಷ್ಟ ನಾನೂ ಬೇರು ಬಿಟ್ಟೇನಿ ಅಲ್ಲಿ," ಎಂದು ಆಯಿ ತಿರುಗಿ ಹೇಳಿದರು.

ಮರುದಿನ ತೋಟದವರು ಬಾಗಲಕೋಟೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಆಯಿ ನನ್ನನ್ನು ಕರೆದುಕೊಂಡು ಬದು ದಾಟಿದರು. ಸಾಲಿನಲ್ಲಿ ಮೆಲ್ಲಗೆ ನಡೆಯುತ್ತ ಒಂದೊಂದೇ ಗಿಡ ಮುಟ್ಟಿದರು. ಕೆಂಪು ಹೂವು, ನಿಂಬೆಹಣ್ಣಿನಷ್ಟು ಕಾಯಿ. ಕಾಯಿಯೊಂದನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಕೀಳದೆ ಹಾಗೇ ಬಿಟ್ಟರು.

"ನಾ ಕುಂದ್ರಾಕ ಇಷ್ಟೆಲ್ಲಾ ಕಡಸೂದು ಸಮ ಅಲ್ಲ ತಂಗಿ. ನಿಮ್ಮ ಸಾಹೇಬರಿಗೆ ಹೇಳು, ಮುದುಕಿ ತಕರಾರು ಬಿಟ್ಟಳು ಅಂತ. ಯಾಕ ಅಂತ ಯಾರಿಗೂ ಹೇಳಬ್ಯಾಡ."

"ತೋಟದವರಿಗಾದ್ರೂ ಹೇಳಬೇಕಲ್ರಿ ಆಯಿ?"

"ಅಂವಗ ಹೇಳಿದರ ಕೈ ಮುಗಕೋತ ಬರ್ತಾನ. ಅವನ ಬೈಗಳಾ ಕೇಳಿ ರೂಢಿ ಆಗೇತಿ ನನಗ. ಕೈ ಮುಗದ್ರ ಬ್ಯಾಸರ ಬರ್ತೈತಿ."

ಆ ದಿನ ನನ್ನ ಕೆಲಸದ ಮೇಲೆ ನನಗೆ ಸಿಟ್ಟು ಬಂತು. ಆಯಿಯ ಮೇಲೆ ಬಂದ ಪ್ರೀತಿಯನ್ನು ಹೇಳಲು ಬಾರದೆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಅವರಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ, ತುಪ್ಪ ಹಾಕಿದರು.

ಪೈಪು ಬಂತು, ಮಣ್ಣು ಮುಚ್ಚಿತು. ಕೆಳಗಿನ ಗರಸುಮಣ್ಣು ಮೇಲೆ ಬಂದು ಮುಂದಿನ ವರ್ಷ ಆ ಪಟ್ಟಿಯಲ್ಲಿ ಜೋಳ ಮೊಳಕಾಲೆತ್ತರಕ್ಕೇ ನಿಂತಿತು. ಆ ಬಗ್ಗೆ ಆಯಿ ನಮ್ಮ ಕಂಪನಿಯವರನ್ನು ಕಂಡಲ್ಲೆಲ್ಲ ಬೈದರು. ಅಮವಾಸ್ಯೆಗೆ ಸಮಾಧಿಗೆ ಹೂ ಏರಿಸುವಾಗ ಮಾತ್ರ ಗಂಡನಿಗೆ ಕೇಳುವಂತೆ, "ನಿಮ್ಮ ಮಗ್ಗಲಕ್ಕ ಎಣ್ಣಿ ಬಂದು ಕುಂತೈತಿ ನೋಡ್ರಿ. ನಾ ಊರ ರುದ್ರಭೂಮ್ಯಾಗ ಇರ್ತೇನಿ. ಅಲ್ಲೇನು, ಎಲ್ಲಾ ಗುರುತಿನವರ ಅದಾರ," ಎಂದರು. ನಾನು ಜೋಳದ ಕಡೆ ಮುಖ ತಿರುಗಿಸಿದೆ. ಇವತ್ತಿಗೂ ಯಾವುದೇ ಹೊಲಕ್ಕೆ ಹೋದರೂ ಮನೆಯ ಹಿರಿಯರನ್ನು ನಾನು ಮೊದಲು ಕೇಳುವುದು, ಇಲ್ಲಿ ಯಾರಾದರೂ ತಮಗಂತ ಜಾಗ ಇಟ್ಟುಕೊಂಡಿದ್ದೀರಾ ಎಂದು. ಕೇಳಲು ಕಲಿಸಿದವರು ಆಯಿ.

ನಾನು ಬಾಗಲಕೋಟೆಯ ಆಫೀಸಿಗೆ ವರ್ಗವಾದ ಮೇಲೆ ಒಂದು ಬೆಳಿಗ್ಗೆ ಆಯಿಯ ಮಗನ ಫೋನು ಬಂತು. ನಾನು ಹೋದಾಗ ಆಯಿಯನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ ಹಣೆತುಂಬ ವಿಭೂತಿ ಹಚ್ಚಿದ್ದರು, ಭಜನೆ ನಡೆದಿತ್ತು. ರುದ್ರಭೂಮಿಗೆ ಹೊರಡುವ ಮಾತಾಡುತ್ತಿರುವಾಗ ತೋಟದವರು ಬಂದು ಬಾಗಿಲಲ್ಲಿ ನಿಂತರು. ಮೊಣಕೈವರೆಗೂ ಮಣ್ಣು.

"ರುದ್ರಭೂಮಿಗೆ ಒಯ್ಯಬ್ಯಾಡ್ರಿ," ಎಂದರು ಮಗನಿಗೆ. "ಬದುವಿನ ನಮ್ಮ ಕಡೀಗೆ ಕುಣಿ ತಗದೇನಿ. ನಿಮ್ಮಪ್ಪನ ಮಗ್ಗಲಕ್ಕ ಬರ್ತೈತಿ."

ಹೊಲದ ದಾರಿಯಲ್ಲಿ ಅವರು ನನ್ನ ಜೊತೆಗೇ ನಡೆದರು. ನಾನು ಏನೂ ಕೇಳಿರಲಿಲ್ಲ. "ಅವತ್ತ ಅಕಿ ತ್ವಾಟದಾಗ ಗಿಡಾ ಮುಟ್ಟಿದ್ದು ನನ್ನ ಹೇಣ್ತಿ ನೋಡ್ಯಾಳ," ಎಂದರು. "ಕೈ ಮುಗದಿದ್ರ ಅಕಿಗೆ ಸೇರ್ತಿದ್ದಿಲ್ಲ. ಅದಕ್ಕ ಬೈಕೋತ ಇದ್ದೆ."

ಬದುವಿನ ಪಕ್ಕದ ಸಾಲಿನ ಗಿಡಗಳು ಕಾಯಿ ಸಮೇತ ಬೇರುಕಿತ್ತು ಬಿದ್ದಿದ್ದವು. ಆಯಿಯನ್ನು ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದೆವು. ತೋಟದವರು ಎಲ್ಲರಿಗಿಂತ ಕೊನೆಗೆ ಬಂದು ಹಿಡಿ ಮಣ್ಣು ಹಿಡಿದು ಬಗ್ಗಿದರು.

"ಒತ್ತಿ ಕುಂದ್ರಬೇ ಮುದುಕಿ. ಉಳದ ಗಿಡಕ್ಕ ಬೇರು ಬಿಡಾಕ ಜಾಗಾ ಕೊಡು," ಎಂದು ಬೈದರು. ಮಣ್ಣು ಹಾಕಿದ ಮೇಲೂ ಎಷ್ಟೋ ಹೊತ್ತು ಅವರು ಅಲ್ಲಿಂದ ಏಳಲಿಲ್ಲ.