ಅರ್ಧ ದಿನದ ಉಪವಾಸ

ಕೆಲಾಂತಾನ್ ಸೀಮೆಯ ತುಂಪಟ್‌ನಲ್ಲಿ, ರೈಲು ಹಳಿ ಮುಗಿಯುವ ಕಡೆ, ಐವತ್ತೆರಡರ ರೊಸ್ಮಿನಿ ತನ್ನ ತಾಯಿ ಎಸಾಳನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾಳೆ. ಮೊದಲು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಈಗ ಹೊಲಿಗೆ ಯಂತ್ರದ ಮೇಲೆ ಮಾತ್ರೆ ಡಬ್ಬಿಗಳೂ ಡಯಾಪರ್ ಕಟ್ಟೂ ಕೂತಿವೆ. ಎಸಾಳಿಗೆ ಎಂಬತ್ತೊಂದು, ಸಕ್ಕರೆ ಕಾಯಿಲೆ, ಜತೆಗೆ ಮರೆವಿನ ರೋಗ. ಗಂಡ ಸತ್ತದ್ದು, ಗಂಡುಮಕ್ಕಳ ಹೆಸರು, ಬೆಳಿಗ್ಗೆ ಸ್ನಾನ ಮಾಡಿದ್ದು ಎಲ್ಲವೂ ಹೋಗಿವೆ. ರಂಜಾನ್ ಉಪವಾಸ ಮಾತ್ರ ಹೋಗಿಲ್ಲ. ಊರಿಗೆ ಊರೇ ಹಗಲಲ್ಲಿ ಒಲೆ ಹಚ್ಚದಿರುವಾಗ ಅದನ್ನು ಅವಳಿಂದ ಮುಚ್ಚಿಡುವುದೂ ಸಾಧ್ಯವಿರಲಿಲ್ಲ.

ಕಳೆದ ರಂಜಾನಿನ ಮೂರನೇ ದಿನ, ಸಂಜೆ ನಾಲ್ಕರ ಹೊತ್ತಿಗೆ, ಎಸಾ ಅಡುಗೆಮನೆಯ ಮೆಟ್ಟಿಲ ಮೇಲೆ ಕುಸಿದಳು. ಸಕ್ಕರೆ ಇಳಿದುಹೋಗಿತ್ತು.

"ಮಧ್ಯಾಹ್ನ ಊಟ ಮಾಡಿಸ್ಲೇಬೇಕು," ಎಂದರು ಸರ್ಕಾರಿ ಕ್ಲಿನಿಕ್ಕಿನ ಡಾಕ್ಟರಮ್ಮ. "ಇನ್ನೊಂದ್ಸಲ ಹೀಗಾದ್ರೆ ಎದ್ದೇಳ್ತಾರೆ ಅಂತ ಹೇಳಕ್ಕಾಗಲ್ಲ."

"ಕಾಯಿಲೆಯೋರಿಗೆ ಉಪವಾಸ ಇಲ್ಲ ಅಂತ ಇಮಾಮರ ಕೈಲೂ ಹೇಳಿಸ್ದೆ. ಹೂಂ ಅಂತಾಳೆ. ಐದು ನಿಮಿಷಕ್ಕೆ ಮರ್ತು ತಟ್ಟೆ ತಳ್ತಾಳೆ."

"ವಾದ ಮಾಡ್ಬೇಡಿ. ಅವ್ರು ಯಾವ ಕಾಲದಲ್ಲಿದಾರೋ ನೀವೂ ಅಲ್ಲಿಗೇ ಹೋಗಿ." ಆಮೇಲೆ ಕೇಳಿದರು, "ನೀವು ರಾತ್ರಿ ಎಷ್ಟೊತ್ತು ಮಲಗ್ತೀರ?"

ರೊಸ್ಮಿನಿ ಯೋಚಿಸಿ ನೋಡಿದಳು. ತಾಯಿಯ ಮಾತ್ರೆ ಚೀಟಿ ಮಡಚಿಕೊಂಡು ಎದ್ದಳು.

ಐದನೇ ದಿನದಿಂದ ಅವಳು ಒಂದು ಉಪಾಯ ಹೂಡಿದಳು. ಮಧ್ಯಾಹ್ನ ಮಲಗಿದ ತಾಯಿ ಮೂರಕ್ಕೆ ಏಳುವಾಗ ಅವಳಿಗೆ ಹೊತ್ತು ತಿಳಿಯುತ್ತಿರಲಿಲ್ಲ. ಅಷ್ಟರೊಳಗೆ ಪರದೆ ಇಳಿಸಿ, ದೀಪ ಹಾಕಿ, ಮೊಬೈಲಿನಲ್ಲಿ ಉಪವಾಸ ಬಿಡುವ ಸಂಜೆಯ ಆಜಾನ್ ಹಾಕುವಳು. ಎಸಾ ಖರ್ಜೂರಕ್ಕೆ ಕೈ ಹಾಕುವಳು. ಆದರೆ ಮಗಳು ತಿನ್ನದೆ ತಾನು ತಿನ್ನಳು. ಉಪವಾಸ ಬಿಡುವಾಗ ಆ ಮನೆಯಲ್ಲಿ ಯಾರೂ ಒಬ್ಬರೇ ತಿಂದವರಲ್ಲ. ಹಾಗಾಗಿ ರೊಸ್ಮಿನಿಯೂ ತಿಂದಳು. ಒಂಬತ್ತು ದಿನ, ಒಂಬತ್ತು ಉಪವಾಸ ಕೆಟ್ಟವು. ಮೊದಲ ದಿನ ಅರ್ಧ ಖರ್ಜೂರಕ್ಕೇ ನಿಲ್ಲಿಸಿದ್ದಳು. ನಾಲ್ಕನೇ ದಿನದ ಹೊತ್ತಿಗೆ ಏನೂ ಅನ್ನಿಸಲಿಲ್ಲ.

ಹೀಗೆ ನಡೆದ ಒಂಬತ್ತನೆಯ ದಿನ ಮೋಡ ಕವಿದಿತ್ತು. ಪಕ್ಕದ ಮನೆಯ ದೆರಾಮನ್, ಓಣಿಗೆಲ್ಲ ಪೊಕ್ ಸು, ಅಂದರೆ ಚಿಕ್ಕಪ್ಪ, ಎಪ್ಪತ್ತೈದರ ಮುದುಕರು, ಕಣ್ಣಿಗೆ ಪೊರೆ ಬಂದಿದೆ. ನಿದ್ದೆಯಿಂದ ಏಳುವಾಗ ಹಲಗೆ ಗೋಡೆಯಾಚೆ ಆಜಾನ್ ಕೇಳಿ ಒಂದು ಲೋಟ ನೀರು, ಎರಡು ಬಾಳೆಹಣ್ಣಿನ ಬಜ್ಜಿ ಮುಗಿಸಿದರು. ಮೂರನೆಯದಕ್ಕೆ ಕೈ ಹಾಕಿದಾಗ ಸೊಸೆ ಗಡಿಯಾರ ತೋರಿಸಿದಳು.

ನೆಟ್ಟಗೆ ರೊಸ್ಮಿನಿಯ ಮನೆಗೆ ಬಂದರು. "ಏನೇ ಮಿನಿ, ನಿಮ್ಮನೇಲಿ ಸೂರ್ಯ ಮೂರು ಗಂಟೆಗೇ ಮುಳುಗ್ತಾನಾ?"

ಅವಳು ಎಲ್ಲ ಹೇಳಿದಳು. ತಾನು ತಿಂದದ್ದನ್ನೂ ಹೇಳಿದಳು. ಅಳಲಿಲ್ಲ. ಮಾರುಕಟ್ಟೆಯ ಮೀನಿನ ಬೆಲೆ ಹೇಳುವಂತೆ ಹೇಳಿದಳು.

"ನಾಳೆಯಿಂದ ಹಾಕ್ಬೇಡ. ಈ ಓಣೀಲಿ ನನ್ನಂಥ ಕುರುಡ್ರು ಇನ್ನೂ ಇಬ್ರಿದಾರೆ."

"ಹಾಕ್ದಿದ್ರೆ ಅವ್ಳು ತಿನ್ನಲ್ಲ, ಪೊಕ್ ಸು. ತಿನ್ನದಿದ್ರೆ ಉಳಿಯಲ್ಲ."

ಮುದುಕರು ಒಳಗೆ ಇಣುಕಿದರು. ಎಸಾ ಚಾಪೆಯ ಮೇಲೆ ಕೂತು ತಲೆವಸ್ತ್ರದ ತುದಿ ಮಡಚುತ್ತಿದ್ದಳು. "ನನ್ನ ಯಾರು ಅಂತಾಳೆ?"

"ಶಾಲೆ ಹುಡುಗ ಅಂತಾಳೆ."

"ಸರಿಯಾಗೇ ಹೇಳ್ತಾಳೆ." ಮೆಟ್ಟಿಲ ಮೇಲೆ ಕೂತರು. "ಮತ್ಯಾಕೆ ಅವಳ ಕೈಲಿ ಪೂರ್ತಿ ಉಪವಾಸ ಮಾಡಿಸ್ತೀಯ? ನಾವು ಮಕ್ಕಳಾಗಿದ್ದಾಗ ಅರ್ಧ ದಿನದ್ದೇ ಮಾಡ್ತಿದ್ದಿದ್ದು. ಮಧ್ಯಾಹ್ನದ ಆಜಾನ್ ಆದ್ಮೇಲೆ ಅಮ್ಮಂದ್ರು ಮನೆ ಕೆಳಗೆ, ನೀರಿನ ಹಂಡೆ ಹಿಂದೆ ಕರ್ದು ತಿನ್ನಿಸೋರು. ಸಂಜೆ ನಾವೂ ಉಪವಾಸದೋರು ಅಂತ ದೊಡ್ಡೋರ ಸಾಲಲ್ಲೇ ಕೂರ್ತಿದ್ವಿ."

ಮರುದಿನ ಮಸೀದಿಯ ಮಧ್ಯಾಹ್ನದ ಆಜಾನ್ ಮುಗಿದ ಮೇಲೆ ರೊಸ್ಮಿನಿ ಕಂಬಗಳ ಮೇಲೆ ನಿಂತ ಮನೆಯ ಕೆಳಕ್ಕೆ, ನೀರಿನ ಹಂಡೆಯ ಹತ್ತಿರಕ್ಕೆ ಅನ್ನ, ಮೀನಿನ ಸಾರು, ಮಾತ್ರೆ ಒಯ್ದಳು. ತಾಯಿಯ ಹೆಸರು ಹಿಡಿದು ಅವಳು ಯಾವತ್ತೂ ಕರೆದವಳಲ್ಲ.

"ಎಸಾ. ಬಾ, ಅರ್ಧ ದಿನ ಆಯ್ತು."

ಎಸಾ ಕಟಕಟೆ ಹಿಡಿದು ಇಳಿದು ಬಂದಳು. ಅತ್ತಿತ್ತ ನೋಡಿ ಹಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಬೇಗಬೇಗ ತಿಂದಳು. ಮಾತ್ರೆಯನ್ನೂ ನುಂಗಿದಳು.

"ಅಣ್ಣಂಗೆ ಹೇಳ್ಬೇಡ."

"ಹೇಳಲ್ಲ."

"ನೀನು ತಿನ್ನಲ್ವಾ, ಅಮ್ಮ?"

ರೊಸ್ಮಿನಿ ತಾಯಿಯ ಬಾಯಿ ಒರೆಸಿದಳು. "ದೊಡ್ಡೋರು ಸಂಜೆಗೆ ತಿನ್ನೋದು."

ಅಂದಿನಿಂದ ಅವಳ ಉಪವಾಸ ಕೆಡಲಿಲ್ಲ; ತಾಯಿ ಒಂದು ಹೊತ್ತೂ ಊಟ ಬಿಡಲಿಲ್ಲ. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಬಾರಿಯಾದರೂ "ಮಿನಿ" ಎನ್ನುತ್ತಿದ್ದ ಎಸಾ, ಮತ್ತೆ ಆ ಹೆಸರು ಹೇಳಲಿಲ್ಲ.

ಹಬ್ಬ ಕಳೆದ ಮೇಲೆ ಕ್ಲಿನಿಕ್ಕಿನಲ್ಲಿ ರಕ್ತ ನೋಡಿದರು. ಸಕ್ಕರೆ ಸರಿಯಾಗಿತ್ತು. ಡಾಕ್ಟರಮ್ಮ ಎಸಾಳನ್ನು ಕೇಳಿದರು, "ಜೊತೇಲಿ ಬಂದಿರೋರು ಯಾರಜ್ಜಿ?"

"ನಮ್ಮಮ್ಮ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ರೊಸ್ಮಿನಿಯ ಮುಖ ನೋಡಿದರು.

"ಊಟ ಮಾಡ್ತಾಳೆ," ಎಂದಳು ರೊಸ್ಮಿನಿ.